ಕಕ್ಕಡದ ಮಳೆಯಲ್ಲಿ ಏಳುವ ಕಾರ್ಡ್ ಹುತ್ತರಿ ಬಿಸಿಲಿಗೆ ಏಳುತ್ತಿಲ್ಲ: 48 ವೋಲ್ಟ್ ಹಾಟ್‌ಪ್ಲಗ್ ಕಂಟ್ರೋಲರ್‌ನ ಫಾಲ್ಟ್ ಟೈಮರ್

ತೋಟದ_ತಂತಿ (ನಾಪೋಕ್ಲು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೀತಿದ್ದೀನಿ, ಪುರುಸೊತ್ತಿದ್ದಾಗ ಪೂರ್ತಿ ಓದಿ.

ನಮ್ಮ ತೋಟದ ಮೇಲಿನ ಗುಡ್ಡದಲ್ಲಿ ಒಂದು ತಗಡಿನ ಶೆಡ್ ಇದೆ. ಒಳಗೆ 12 ವೋಲ್ಟಿನ ನಾಲ್ಕು ಟ್ಯೂಬುಲರ್ ಬ್ಯಾಟರಿ ಸೀರೀಸ್‌ನಲ್ಲಿ, ಮೇಲೆ ಸೋಲಾರ್ ಪ್ಯಾನೆಲ್, ಪಕ್ಕದಲ್ಲಿ ನಾನೇ ಕಟ್ಟಿದ ರ‍್ಯಾಕ್. ರ‍್ಯಾಕಲ್ಲಿ ಐದು ಕಾರ್ಡ್. ಎರಡು ವೈರ್‌ಲೆಸ್ ಲಿಂಕಿಗೆ, ಒಂದು ಮಳೆ ಅಳೆಯೋಕೆ, ಒಂದು ಕ್ಯಾಮೆರಾಗೆ, ಇನ್ನೊಂದು ಆನೆ ಇಳಿದಾಗ ಲೈನ್‌ಮನೆಯ ಕಾರ್ಮಿಕರನ್ನು ಎಚ್ಚರಿಸೋ ಸೈರನ್ ಮತ್ತು ಮಿನುಗು ದೀಪಕ್ಕೆ. ಒಂದು ಕಾರ್ಡ್ ಕೆಟ್ಟರೆ ಉಳಿದದ್ದನ್ನು ಆರಿಸದೆ ಬದಲಿಸೋ ಹಾಗಿರಬೇಕು ಅಂತ ಪ್ರತಿ ಕಾರ್ಡಿಗೂ ಒಂದೊಂದು ಎಲ್‌ಎಂ5069 (ಮಾಸ್‌ಫೆಟ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್ಚನ್ನು ಅದರ ಗೇಟ್ ಪಿನ್ ಮೂಲಕ ನಿಯಂತ್ರಿಸೋ ಹಾಟ್‌ಪ್ಲಗ್ ಚಿಪ್) ಹಾಕಿದ್ದೀನಿ, ಲ್ಯಾಚ್ ಆಗೋ ಮಾದರಿ, ಅಂದರೆ ಒಮ್ಮೆ ಬಿದ್ದರೆ ತಾನಾಗಿ ಮತ್ತೆ ಏಳಲ್ಲ. ಕರೆಂಟ್ ಅಳೆಯೋ ಸೆನ್ಸ್ ರೆಸಿಸ್ಟರ್ 10 ಮಿಲಿಓಮ್, ಅಂದರೆ ಕರೆಂಟ್ ಲಿಮಿಟ್ 5.5 ಆಂಪ್. ಪವರ್ ಲಿಮಿಟ್ 50 ವ್ಯಾಟ್. ಲಿಮಿಟ್‌ನಲ್ಲಿ ಎಷ್ಟು ಹೊತ್ತು ಇದ್ದರೆ ಬಂದ್ ಮಾಡಬೇಕು ಅಂತ ತೀರ್ಮಾನಿಸೋ ಟೈಮರ್ ಕೆಪ್ಯಾಸಿಟರ್ 1.5 ಮೈಕ್ರೋಫ್ಯಾರಡ್. ಕಾರ್ಡ್ ಒಳಗೆ 2200 ಮೈಕ್ರೋಫ್ಯಾರಡ್ ಬಲ್ಕ್ ಕೆಪ್ಯಾಸಿಟರ್.

ಕಕ್ಕಡ ತಿಂಗಳಲ್ಲಿ, ಸುರಿಯೋ ಮಳೆಯಲ್ಲೇ ಕೂರಿಸಿ ಬಂದೆ. ಒಂದೂ ತಕರಾರಿಲ್ಲ. ಕೈಲ್ ಮುಹೂರ್ತ ಹಬ್ಬದ ಹೊತ್ತಿಗೂ ಸರಿ ಇತ್ತು. ಹುತ್ತರಿ ಹಬ್ಬ ಮುಗಿದು ಬಿಸಿಲು ಕಾಯೋಕೆ ಶುರುವಾದ ಮೇಲೆ ವಿಚಿತ್ರ: ಬೆಳಿಗ್ಗೆ ಕಾರ್ಡ್ ತೆಗೆದು ಹಾಕಿದರೆ ಏಳುತ್ತೆ, ಮಧ್ಯಾಹ್ನ ಹಾಕಿದರೆ ಏಳಲ್ಲ. ಸ್ಕೋಪ್ ಹೊತ್ಕೊಂಡು ಹೋಗಿ ನೋಡಿದೆ. ಔಟ್‌ಪುಟ್ ನಿಧಾನಕ್ಕೆ 47 ವೋಲ್ಟ್ ತನಕ ಏರುತ್ತೆ, ಆಮೇಲೆ ಗೇಟ್ ಬಿದ್ದು ಹೋಗುತ್ತೆ. 47 ಬಂತಲ್ಲ, ಪೂರ್ತಿ ಚಾರ್ಜ್ ಆದ ಮೇಲೆ ಯಾಕೆ ಬೀಳಬೇಕು ಅಂತ ತಲೆ ಕೆಡಿಸ್ಕೊಂಡೆ. ಇನ್ನೊಂದು ವಿಷಯ, ಬಿದ್ದ ಕಾರ್ಡನ್ನು ಕಿತ್ತು ತಕ್ಷಣ ಮತ್ತೆ ಹಾಕಿದರೆ ಕೆಲವು ಸಲ ಏಳುತ್ತೆ!

ಲಿಮಿಟ್ ಸಾಲ್ತಿಲ್ಲ ಅಂದ್ಕೊಂಡು ಒಂದು ಕಾರ್ಡಿನ ಸೆನ್ಸ್ ರೆಸಿಸ್ಟರ್ ಮೇಲೆ ಇನ್ನೊಂದು 10 ಮಿಲಿಓಮ್ ಬೆಸುಗೆ ಹಾಕಿದೆ. ಮಧ್ಯಾಹ್ನವೂ ಎದ್ದಿತು. ಮೂರು ವಾರಕ್ಕೆ ಅದೇ ಕಾರ್ಡಿನ ಮಾಸ್‌ಫೆಟ್ ಡ್ರೈನ್‌ನಿಂದ ಸೋರ್ಸ್‌ಗೆ ಪೂರ್ತಿ ಶಾರ್ಟ್. ಎಲ್ಲಿ ತಪ್ಪಿದೆ ಹೇಳಿ.

ಕುಶಾಲನಗರ_ಬೆಂಚ್

ಮಧ್ಯಾಹ್ನ ಬ್ಯಾಟರಿ ಎಷ್ಟು ವೋಲ್ಟ್ ಇರುತ್ತೆ ಅಂತ ನೋಡಿದ್ಯಾ ತಮ್ಮಾ? 48 ಅಂತ ಹೆಸರಿಗೆ ಮಾತ್ರ. ಬಿಸಿಲಲ್ಲಿ ಚಾರ್ಜರ್ ಒಂದೊಂದು ಬ್ಯಾಟರಿಯನ್ನು 14.4ಕ್ಕೆ ಏರಿಸಿ ನಿಲ್ಲಿಸುತ್ತೆ. ನಾಲ್ಕು ಸೇರಿ 57.6. ಮೋಡ ಮುಚ್ಚಿದ ದಿನ 49 ದಾಟಿದರೆ ಹೆಚ್ಚು.

ಟೈಮರ್ ಕೆಪ್ಯಾಸಿಟರ್ 3.3 ಮೈಕ್ರೋಗೆ ಏರಿಸು, ಎದ್ದೇಳುತ್ತೆ. ನಾನು ಇಂಥ ಎಷ್ಟೋ ಬೋರ್ಡಿಗೆ ಹಾಗೇ ಮಾಡಿದ್ದೀನಿ.

ತೋಟದ_ತಂತಿ (ನಾಪೋಕ್ಲು)

ಅಣ್ಣಾ, ಅಳೆದೆ. ಸರಿಯಾಗಿ 57.6. ನನ್ನ ಲೆಕ್ಕವೆಲ್ಲ 48ರ ಮೇಲೇ ಇತ್ತು.

ಬ್ರಹ್ಮಗಿರಿ48 (ಊರು ಶ್ರೀಮಂಗಲ, ಸದ್ಯ ಬೆಂಗಳೂರು)

ಬೆಂಚ್ ಅಣ್ಣ ಕಾರಣ ಸರಿಯಾಗಿ ಹಿಡಿದಿದ್ದಾರೆ. ಮದ್ದಿನ ಬಗ್ಗೆ ಮಾತ್ರ ನನ್ನ ತಕರಾರು ಇದೆ. ಮೊದಲು ಲೆಕ್ಕ ಮಾಡೋಣ.

ಖಾಲಿ ಕೆಪ್ಯಾಸಿಟರನ್ನು ನೇರ ಬ್ಯಾಟರಿಗೆ ತಾಗಿಸಿದರೆ ಆ ಕ್ಷಣಕ್ಕೆ ಅದು ಶಾರ್ಟೇ. ಅದಕ್ಕೇ ನಡುವೆ ಮಾಸ್‌ಫೆಟ್ ಇಟ್ಟು, ಅದನ್ನು ಅರ್ಧಂಬರ್ಧ ತೆರೆದು ಕರೆಂಟನ್ನು ಹಿಡಿದು ಬಿಡೋದು. ಆದರೆ ಹಾಗೆ ಹಿಡಿದು ಬಿಡುವಾಗ ಕೆಪ್ಯಾಸಿಟರ್‌ಗೆ ಎಷ್ಟು ಶಕ್ತಿ ತುಂಬಿತೋ ಅಷ್ಟೇ ಶಕ್ತಿ ಮಾಸ್‌ಫೆಟ್‌ನಲ್ಲಿ ಬಿಸಿಯಾಗಿ ಹೋಗುತ್ತೆ. ಬೇಗ ತುಂಬಿಸಿದರೂ ಅಷ್ಟೇ, ನಿಧಾನಕ್ಕೆ ತುಂಬಿಸಿದರೂ ಅಷ್ಟೇ. 2200 ಮೈಕ್ರೋಫ್ಯಾರಡ್, 57.6 ವೋಲ್ಟ್ ಅಂದರೆ 3.65 ಜೂಲ್. ನಿಮ್ಮ ಚಿಪ್ ಮಾಸ್‌ಫೆಟ್‌ನಲ್ಲಿ 50 ವ್ಯಾಟ್‌ಗಿಂತ ಹೆಚ್ಚು ಸುಡೋಕೆ ಬಿಡಲ್ಲ. 3.65 ಜೂಲನ್ನು 50ರಿಂದ ಭಾಗಿಸಿ: 73 ಮಿಲಿಸೆಕೆಂಡ್. ಕೊನೆಯಲ್ಲಿ ಕರೆಂಟ್ ಲಿಮಿಟ್‌ಗೆ ಬರೋ ಸಣ್ಣ ತುಂಡು ಸೇರಿ ಸುಮಾರು 75.

ಈಗ ಟೈಮರ್. ಕಂಟ್ರೋಲರ್ ಕರೆಂಟನ್ನೋ ಪವರನ್ನೋ ತಡೆದು ಹಿಡಿದಿರುವಷ್ಟು ಹೊತ್ತೂ ಟೈಮರ್ ಪಿನ್ನಿನಿಂದ 85 ಮೈಕ್ರೋಆಂಪ್ ಹರಿದು ಆ ಕೆಪ್ಯಾಸಿಟರ್ ತುಂಬುತ್ತೆ. 4 ವೋಲ್ಟ್ ಮುಟ್ಟಿದರೆ ಗೇಟ್ ಬಂದ್. 1.5 ಮೈಕ್ರೋಫ್ಯಾರಡ್‌ಗೆ ಇದು 70 ಮಿಲಿಸೆಕೆಂಡ್ ಚಿಲ್ಲರೆ.

ಮಳೆಗಾಲದಲ್ಲಿ 49 ವೋಲ್ಟ್‌ಗೆ ಬೇಕಿದ್ದದ್ದು 55 ಮಿಲಿಸೆಕೆಂಡ್, ಕೊಟ್ಟದ್ದು 70. ಎದ್ದಿತು. ಬಿಸಿಲಲ್ಲಿ ಬೇಕಾದದ್ದು 75, ಕೊಟ್ಟದ್ದು ಅದೇ 70. ಬಿದ್ದಿತು. ನೀವು ಸ್ಕೋಪಲ್ಲಿ ಕಂಡ 47 ವೋಲ್ಟ್ ಪೂರ್ತಿ ಚಾರ್ಜ್ ಅಲ್ಲ, ಇನ್ನೂ 10 ವೋಲ್ಟ್ ಬಾಕಿ ಇತ್ತು. ನಾಲ್ಕೇ ಮಿಲಿಸೆಕೆಂಡ್ ಮುಂಚೆ ಬಾಗಿಲು ಮುಚ್ಚಿದೆ. ಕಿತ್ತು ತಕ್ಷಣ ಹಾಕಿದರೆ ಏಳೋದೂ ಇದಕ್ಕೇ: ಕೆಪ್ಯಾಸಿಟರಲ್ಲಿ ಹಳೆ ಚಾರ್ಜ್ ಉಳಿದಿರುತ್ತೆ, ತುಂಬೋಕೆ ಬಾಕಿ ಇರೋದು ಸ್ವಲ್ಪ.

ಸೆನ್ಸ್ ರೆಸಿಸ್ಟರ್ ವಿಷಯ. ಈ ಚಿಪ್‌ನಲ್ಲಿ ಪವರ್ ಲಿಮಿಟ್ ತೀರ್ಮಾನ ಆಗೋದು ಪವರ್ ಪಿನ್ನಿನ ರೆಸಿಸ್ಟರ್ ಮತ್ತು ಸೆನ್ಸ್ ರೆಸಿಸ್ಟರ್ ಎರಡೂ ಸೇರಿ. ನೀವು ಸೆನ್ಸ್ ಅರ್ಧ ಮಾಡಿದಿರಿ, ಪವರ್ ಪಿನ್ ಮುಟ್ಟಲಿಲ್ಲ. ಹಾಗಾಗಿ ಕರೆಂಟ್ ಲಿಮಿಟ್ 11 ಆಂಪ್ ಆದದ್ದಲ್ಲದೆ ಪವರ್ ಲಿಮಿಟ್ ಕೂಡ 100 ವ್ಯಾಟ್ ಆಯ್ತು. ಏಳುವಾಗ 37 ಮಿಲಿಸೆಕೆಂಡ್‌ನಲ್ಲಿ ಎದ್ದು ಪಾರಾಗಿದೆ. ಎಂದೋ ಒಂದು ದಿನ ಔಟ್‌ಪುಟ್ ಶಾರ್ಟ್ ಆದಾಗ ಪಾಪ ಆ ಮಾಸ್‌ಫೆಟ್ 100 ವ್ಯಾಟನ್ನು 70 ಮಿಲಿಸೆಕೆಂಡ್ ಪೂರ್ತಿ ತಡೆದಿದೆ. ಲೆಕ್ಕ ಹಾಕಿದ್ದರ ಎರಡು ಪಟ್ಟು.

ಪೊನ್ನಂಪೇಟೆ_ಮಿಲಿಓಮ್

ಸರ್, ನಾನು ಇಂಜಿನಿಯರಿಂಗ್ ಮೂರನೇ ವರ್ಷ ಓದ್ತಿದ್ದೀನಿ. ಒಂದು ಸಂದೇಹ. ಇಷ್ಟೆಲ್ಲಾ ಬದಲು ಪ್ರತಿ ಕಾರ್ಡಿಗೂ ಒಂದು ಫ್ಯೂಸ್ ಅಥವಾ ಸಣ್ಣ ಎಂಸಿಬಿ ಹಾಕಿದರೆ ಆಗಲ್ವಾ?

ಕುಶಾಲನಗರ_ಬೆಂಚ್

ಒಳ್ಳೆ ಪ್ರಶ್ನೆ ಮಗಳೇ. ಮನೆಯ ಸಿ ಕರ್ವ್ ಎಂಸಿಬಿ ತಕ್ಷಣ ಬೀಳಬೇಕಾದರೆ ಅದರ ರೇಟಿಂಗ್‌ನ ಐದರಿಂದ ಹತ್ತು ಪಟ್ಟು ಕರೆಂಟ್ ಹರೀಬೇಕು. ಅದಕ್ಕಿಂತ ಕಡಿಮೆ ಇದ್ದರೆ ಒಳಗಿನ ಲೋಹದ ಪಟ್ಟಿ ಬಿಸಿಯಾಗಿ ಬಾಗೋವರೆಗೂ ಕಾಯುತ್ತೆ. ಫ್ಯೂಸ್ ಕೂಡ ಕರಗೋಕೆ ಹೊತ್ತು ಬೇಡುತ್ತೆ. ಅಷ್ಟರಲ್ಲಿ ರ‍್ಯಾಕಿನ 57 ವೋಲ್ಟ್ ಕುಸಿದು ಪಕ್ಕದ ನಾಲ್ಕೂ ಕಾರ್ಡ್ ರೀಸೆಟ್ ಆಗಿರುತ್ತವೆ. ಒಬ್ಬ ಬಿದ್ದರೆ ಸಾಲಲ್ಲಿರೋರೆಲ್ಲ ಬೀಳಬಾರದು ಅಂತ ತಾನೇ ಈ ಕೆಲಸ.

ಹಾಗಂತ ಬ್ಯಾಟರಿ ಹತ್ತಿರದ ಫ್ಯೂಸ್ ಬಿಡಬೇಡಿ. ಇವನ ಮಾಸ್‌ಫೆಟ್ ಶಾರ್ಟ್ ಆಗಿ ಸತ್ತಿತಲ್ಲ, ಆ ಮೂರು ವಾರದಲ್ಲಿ ಯಾವತ್ತಿನಿಂದಲೋ ಆ ಕಾರ್ಡಿಗೆ ರಕ್ಷಣೆಯೇ ಇರಲಿಲ್ಲ. ಕಂಟ್ರೋಲರ್ ಗೇಟನ್ನು ಎಷ್ಟು ಎಳೆದರೂ ಸತ್ತ ಮಾಸ್‌ಫೆಟ್ ಮುಚ್ಚಲ್ಲ. ಆಗ ಶೆಡ್ ಹೊತ್ತಿ ಉರಿಯದ ಹಾಗೆ ಕಾಯೋದು ಆ ಫ್ಯೂಸ್ ಒಂದೇ.

ಬ್ರಹ್ಮಗಿರಿ48

ಅಣ್ಣ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಈ ಚಿಪ್‌ನಲ್ಲಿ ಎರಡು ವೇಗ ಇದೆ. ಸೆನ್ಸ್ ಮೇಲೆ 55 ಮಿಲಿವೋಲ್ಟ್ ಬಂದರೆ ಕರೆಂಟನ್ನು ಅಲ್ಲೇ ಹಿಡಿದು ಟೈಮರ್ ಓಡಿಸುತ್ತೆ, ಇದು ಸಾವಧಾನದ ದಾರಿ. 105 ಮಿಲಿವೋಲ್ಟ್ ದಾಟಿದರೆ, ಅಂದರೆ ಇವರ ಕಾರ್ಡಲ್ಲಿ 10.5 ಆಂಪ್, ಟೈಮರ್‌ಗೆ ಕಾಯದೆ ಒಂದು ಮೈಕ್ರೋಸೆಕೆಂಡ್ ಆಸುಪಾಸಿನಲ್ಲಿ ಗೇಟನ್ನು ಜೋರಾಗಿ ಕೆಳಗೆಳೆಯುತ್ತೆ.

ಆ ಒಂದು ಮೈಕ್ರೋಸೆಕೆಂಡ್ ಕೂಡ ಸಣ್ಣದಲ್ಲ. ಬ್ಯಾಟರಿಯಿಂದ ರ‍್ಯಾಕಿಗೆ ಎರಡು ಮೀಟರ್ ವೈರ್ ಇದ್ದರೆ ಇಂಡಕ್ಟೆನ್ಸ್ 2 ಮೈಕ್ರೋಹೆನ್ರಿ ಅಂತ ಇಟ್ಕೊಳ್ಳಿ. ಶಾರ್ಟ್ ಆದಾಗ ಕರೆಂಟ್ ಏರೋದು 58 ಭಾಗಿಸು 2, ಮೈಕ್ರೋಸೆಕೆಂಡಿಗೆ 29 ಆಂಪ್. ಚಿಪ್ ಎಚ್ಚೆತ್ತು ಕತ್ತರಿಸೋ ಹೊತ್ತಿಗೆ 40 ಆಂಪ್ ಹತ್ತಿರ ಹೋಗಿರುತ್ತೆ. ಅಷ್ಟು ಕರೆಂಟನ್ನು ಫಕ್ಕನೆ ನಿಲ್ಲಿಸಿದರೆ ಅದೇ ವೈರ್ ತಿರುಗಿ ಒದೆಯುತ್ತೆ, ಇನ್‌ಪುಟ್ ವೋಲ್ಟೇಜ್ ಚಿಪ್ ತಾಳೋ 100 ವೋಲ್ಟನ್ನೂ ದಾಟಬಹುದು. ಪ್ರತಿ ಸ್ಲಾಟಿನ ಇನ್‌ಪುಟ್‌ಗೆ ಆ ಒದೆತ ಹೀರೋಕೆ ಒಂದು ಟಿವಿಎಸ್ ಡಯೋಡ್, ಔಟ್‌ಪುಟ್‌ನಿಂದ ಗ್ರೌಂಡಿಗೆ ಒಂದು ಶಾಟ್ಕಿ ಡಯೋಡ್ ಇರಲೇಬೇಕು. ತೋಟದ ತಂತಿಯವರೇ, ಹಾಕಿದ್ದೀರಾ?

ತೋಟದ_ತಂತಿ (ನಾಪೋಕ್ಲು)

ಟಿವಿಎಸ್ ಇದೆ. ಶಾಟ್ಕಿ ಇಲ್ಲ. ಬರ್ಕೊಂಡೆ.

ಬೆಂಚ್ ಅಣ್ಣ ಹೇಳಿದ ಹಾಗೆ 3.3 ಮೈಕ್ರೋ ಹಾಕಿದರೆ 155 ಮಿಲಿಸೆಕೆಂಡ್ ಸಿಗುತ್ತೆ. ಬೇಕಾದದ್ದು 75. ಅದರಲ್ಲಿ ತಪ್ಪೇನು?

ಬ್ರಹ್ಮಗಿರಿ48

ತಪ್ಪು ಏಳುವಾಗ ಕಾಣಲ್ಲ, ಶಾರ್ಟ್ ಆದಾಗ ಕಾಣುತ್ತೆ. ಔಟ್‌ಪುಟ್ ಶಾರ್ಟ್ ಇದ್ದಾಗಲೇ ಕಾರ್ಡ್ ಹಾಕಿದಿರಿ ಅಂತಿಟ್ಕೊಳ್ಳಿ. ಕೆಪ್ಯಾಸಿಟರ್ ತುಂಬೋದೇ ಇಲ್ಲ. 57.6 ವೋಲ್ಟ್ ಪೂರ್ತಿ ಮಾಸ್‌ಫೆಟ್ ಮೇಲೆ, 0.87 ಆಂಪ್, 155 ಮಿಲಿಸೆಕೆಂಡ್. ನಿಮ್ಮ ಮಾಸ್‌ಫೆಟ್‌ನ ಡೇಟಾಶೀಟಲ್ಲಿ ಸುರಕ್ಷಿತ ಕಾರ್ಯವಲಯದ ಗ್ರಾಫ್ ಇರುತ್ತೆ, 60 ವೋಲ್ಟ್ ನೇರಕ್ಕೆ 100 ಮಿಲಿಸೆಕೆಂಡ್ ಗೆರೆ ಎಷ್ಟು ಆಂಪ್ ತೋರಿಸುತ್ತೆ ನೋಡಿ ಹೇಳಿ.

ತೋಟದ_ತಂತಿ (ನಾಪೋಕ್ಲು)

ಸ್ಕೇಲ್ ಇಟ್ಟು ನೋಡಿದೆ. 1.6 ಆಂಪ್. ಹಾಗಾದರೆ 0.87 ಆರಾಮ ಅಲ್ವಾ?

ಬ್ರಹ್ಮಗಿರಿ48

ಆ 1.6 ಇರೋದು ಮಾಸ್‌ಫೆಟ್‌ನ ಮೈ 25 ಡಿಗ್ರಿ ಇದ್ದಾಗ. ನಿಮ್ಮದು ಬಿಸಿಲಲ್ಲಿ ಕಾದ ತಗಡಿನ ಶೆಡ್, ಕಾರ್ಡ್ ಓಡ್ತಾ ಇದ್ದ ಹಾಗೇ ಶಾರ್ಟ್ ಆದರೆ ಮಾಸ್‌ಫೆಟ್‌ನ ಮೈ 70 ಇರಬಹುದು. 150 ಡಿಗ್ರಿ ಮಿತಿಯ ಮಾಸ್‌ಫೆಟ್‌ಗೆ ಆಗ ಉಳಿದಿರೋ ಜಾಗ 80 ಡಿಗ್ರಿ, ಮೊದಲಿದ್ದದ್ದು 125. ಹಾಗಾಗಿ 1.6ಕ್ಕೆ 0.64 ಗುಣಿಸಿ, 1.02 ಆಂಪ್. ಇದು 100 ಮಿಲಿಸೆಕೆಂಡಿಗೆ. 155ಕ್ಕೆ ಇನ್ನೂ ಇಳಿದು 0.82ರ ಸುತ್ತ ಬರುತ್ತೆ. ನಿಮ್ಮದು 0.87. ದಾಟಿತು.

2.2 ಮೈಕ್ರೋ ಹಾಕಿದರೆ 103 ಮಿಲಿಸೆಕೆಂಡ್. ಕಾಗದದ ಮೇಲೆ ಎರಡೂ ಕಡೆ ಸರಿಹೋಗುತ್ತೆ. ಆದರೆ 85 ಮೈಕ್ರೋಆಂಪ್ ಅನ್ನೋದು ಸಾಧಾರಣ ಬೆಲೆ, ಚಿಪ್‌ನಿಂದ ಚಿಪ್‌ಗೆ ಸಾಕಷ್ಟು ಹೆಚ್ಚುಕಮ್ಮಿ. ಕೆಪ್ಯಾಸಿಟರ್‌ಗೂ ಟಾಲರೆನ್ಸ್ ಇದೆ. 0.87 ಆಂಪ್‌ಗೆ ಸೆನ್ಸ್ ಮೇಲೆ ಬೀಳೋದು ಬರೀ 8.7 ಮಿಲಿವೋಲ್ಟ್, ಅಷ್ಟು ಸಣ್ಣ ವೋಲ್ಟೇಜಲ್ಲಿ ಚಿಪ್‌ನ ಒಳಗಿನ ಆಫ್‌ಸೆಟ್ಟೇ ದೊಡ್ಡ ಪಾಲು ತಿನ್ನುತ್ತೆ, 50 ವ್ಯಾಟ್ ಅಂದದ್ದು ನಿಜಕ್ಕೂ ಎಷ್ಟೋ. ಈ ಕಡೆ ಬರೆ, ಆ ಕಡೆ ಹೊಳೆ, ನಡುವೆ ಒಂದೇ ಜೀಪ್ ಹೋಗೋ ದಾರಿ. ಐದರಲ್ಲಿ ಒಂದು ಕಾರ್ಡ್ ಯಾವತ್ತಾದರೂ ಜಾರುತ್ತೆ.

ಇಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ: ಏಳೋ ಕೆಲಸವನ್ನು ಫಾಲ್ಟ್ ಟೈಮರ್ ಮೇಲೆ ಹೊರಿಸಲೇಬಾರದು. ಟೈಮರ್ ಇರೋದು ತಪ್ಪು ಹಿಡಿಯೋಕೆ. ಪ್ರತಿ ಸಲ ಮಾಮೂಲಾಗಿ ಏಳುವಾಗಲೂ ಅದು 70 ಮಿಲಿಸೆಕೆಂಡ್ ಓಡ್ತಾ ಇದೆ ಅಂದರೆ, ನೆಟ್ಟಗಿರೋ ಕಾರ್ಡಿಗೂ ಶಾರ್ಟ್ ಆದ ಕಾರ್ಡಿಗೂ ಅದಕ್ಕೆ ವ್ಯತ್ಯಾಸವೇ ಗೊತ್ತಾಗಲ್ಲ.

ಗೇಟ್‌ನಿಂದ ಗ್ರೌಂಡಿಗೆ 100 ನ್ಯಾನೋಫ್ಯಾರಡ್ ಕೊಡಿ. ಗೇಟ್‌ಗೆ ಬರೋದು 16 ಮೈಕ್ರೋಆಂಪ್, ಹಾಗಾಗಿ ಗೇಟ್ ಸೆಕೆಂಡಿಗೆ 160 ವೋಲ್ಟ್‌ನಂತೆ ಏರುತ್ತೆ, ಔಟ್‌ಪುಟ್ ಅದರ ಬೆನ್ನಿಗೇ ಬರುತ್ತೆ. 2200 ಮೈಕ್ರೋಗೆ ಆಗ ಹರಿಯೋದು 0.35 ಆಂಪ್. ಏಳೋಕೆ 360 ಮಿಲಿಸೆಕೆಂಡ್, ಆದರೆ ಮಾಸ್‌ಫೆಟ್ ಮೇಲೆ ಶುರುವಿನಲ್ಲಿ 20 ವ್ಯಾಟ್, ಅಲ್ಲಿಂದ ಇಳೀತಾ ಸೊನ್ನೆ. 50ರ ಮಿತಿ ಮುಟ್ಟೋದೇ ಇಲ್ಲ, ಟೈಮರ್ ಶುರುವೇ ಆಗಲ್ಲ. ಆಮೇಲೆ ಟೈಮರ್ ಕೆಪ್ಯಾಸಿಟರನ್ನು 0.47 ಮೈಕ್ರೋಗೆ ಇಳಿಸಿ, 22 ಮಿಲಿಸೆಕೆಂಡ್. ಶಾರ್ಟ್ ಆದರೆ ಮಾಸ್‌ಫೆಟ್ ಅನುಭವಿಸೋ ಹೊತ್ತು ಮೂರನೇ ಒಂದಕ್ಕಿಂತ ಕಡಿಮೆ ಆಯ್ತು.

ಕುಶಾಲನಗರ_ಬೆಂಚ್

ಒಪ್ಪಿದೆ. ನಾನು ರಿಪೇರಿ ಮಾಡಿದ ಬೋರ್ಡ್‌ಗಳು ತಿರುಗಿ ಬಂದಾಗ ಮಾಸ್‌ಫೆಟ್ಟೇ ಹೋಗಿರ್ತಿತ್ತು, ಸಿಡಿಲಿನ ಲೆಕ್ಕಕ್ಕೆ ಬರೆದು ಬಿಡ್ತಿದ್ದೆ. ಕೆಲವಾದರೂ ನಾನು ಹಾಕಿದ ದೊಡ್ಡ ಕೆಪ್ಯಾಸಿಟರ್‌ನಿಂದ ಹೋಗಿರಬೇಕು ಅಂತ ಈಗ ಅನ್ನಿಸ್ತಾ ಇದೆ.

ಆದರೆ ಆ 100 ನ್ಯಾನೋವನ್ನು ಗೇಟ್‌ಗೆ ನೇರ ಕಟ್ಟಬಾರದು. ಶಾರ್ಟ್ ಆದಾಗ ಚಿಪ್ ಗೇಟನ್ನು 230 ಮಿಲಿಆಂಪ್‌ನಿಂದ ಎಳೆಯುತ್ತೆ ಅಂತ ಇದೆ. 100 ನ್ಯಾನೋದಲ್ಲಿ 60 ವೋಲ್ಟ್ ಖಾಲಿ ಮಾಡೋಕೆ 25 ಮೈಕ್ರೋಸೆಕೆಂಡ್ ದಾಟುತ್ತೆ. ಒಂದು ಮೈಕ್ರೋಸೆಕೆಂಡಿಗೆ 29 ಆಂಪ್ ಅಂತ ಈಗಷ್ಟೇ ಲೆಕ್ಕ ಹಾಕಿದ್ದೀರಿ.

ಬ್ರಹ್ಮಗಿರಿ48

ಸರಿಯಾದ ಜಾಗಕ್ಕೆ ಕೈ ಇಟ್ಟಿರಿ ಅಣ್ಣಾ, ನಾನು ಬರೆಯಲೇಬೇಕಿತ್ತು. ಗೇಟ್‌ನಿಂದ ಕೆಪ್ಯಾಸಿಟರ್‌ಗೆ ಹೋಗೋ ದಾರಿಯಲ್ಲಿ ಒಂದು ಸಣ್ಣ ಸಿಗ್ನಲ್ ಡಯೋಡ್, ಆನೋಡ್ ಗೇಟ್ ಕಡೆಗೆ. ಏರುವಾಗ 16 ಮೈಕ್ರೋಆಂಪ್ ಅದರ ಮೂಲಕ ಹೋಗುತ್ತೆ, ಬೀಳುವಾಗ ಡಯೋಡ್ ತಡೆಯುತ್ತೆ, ಗೇಟ್ ಒಂಟಿಯಾಗಿ ಬೀಳುತ್ತೆ. ಕೆಪ್ಯಾಸಿಟರ್ ಆಮೇಲೆ ಖಾಲಿಯಾಗೋಕೆ ಬೇರೆ ದಾರಿ ಕೊಡಬೇಕು. ಇಲ್ಲದಿದ್ದರೆ ಎರಡನೇ ಸಲ ಸಾಫ್ಟ್ ಸ್ಟಾರ್ಟ್ ಇರಲ್ಲ. ಬೆಲೆಗಳನ್ನು ಬೆಂಚ್ ಮೇಲೆ ಪರೀಕ್ಷೆ ಮಾಡಿಯೇ ಗುಡ್ಡಕ್ಕೆ ಒಯ್ಯಿರಿ.

ಜೊತೆಗೆ ಒಳಗಿನ ಡಿಸಿ ಕನ್ವರ್ಟರ್ ಏಳೋದನ್ನು ಪವರ್ ಗುಡ್ ಪಿನ್ನಿಗೆ ಕಟ್ಟಿ. ಮಾಸ್‌ಫೆಟ್ ಮೇಲೆ 1.25 ವೋಲ್ಟ್‌ಗಿಂತ ಕಡಿಮೆ ಉಳಿದ ಮೇಲಷ್ಟೇ ಆ ಪಿನ್ ಹಸಿರು ಬಾವುಟ ತೋರಿಸುತ್ತೆ.

ಸೋಮವಾರಪೇಟೆ_ಟವರ್

ಇಷ್ಟೂ ಸರಿ. ಆದರೆ ಲ್ಯಾಚ್ ಮಾದರಿ ಯಾಕೆ? ನಾನು ಟವರ್ ಕೆಲಸದವನು. ಆಷಾಢದ ರಾತ್ರಿ ಒಂದು ಕಾರ್ಡ್ ಲ್ಯಾಚ್ ಆಯ್ತು ಅಂದರೆ ಟಾರ್ಚ್ ಹಿಡಿದು, ಕಾಲಿಗೆ ಉಪ್ಪು ಹೊಗೆಸೊಪ್ಪು ಸವರಿಕೊಂಡು, ಆದರೂ ಇಂಬಳ ಹತ್ತಿಸಿಕೊಂಡು ಹತ್ತಬೇಕಾದವನು ನಾನು. ತಾನೇ ಮತ್ತೆ ಪ್ರಯತ್ನಿಸೋ ಮಾದರಿ ಇದೆಯಲ್ಲ, ಎಲ್‌ಎಂ5069-2. ಅದು ಮಾಸ್‌ಫೆಟನ್ನೂ ಸುಡಲ್ಲ, ಒಟ್ಟು ಹೊತ್ತಿನಲ್ಲಿ ನೂರಕ್ಕೆ ಅರ್ಧ ಭಾಗ ಮಾತ್ರ ಆನ್ ಆಗಿರುತ್ತೆ. 50 ವ್ಯಾಟಿಗೆ ಸರಾಸರಿ ಕಾಲು ವ್ಯಾಟ್.

ಬ್ರಹ್ಮಗಿರಿ48

ನಿಮ್ಮ ಕಷ್ಟ ಅರ್ಥ ಆಗುತ್ತೆ, ನಮ್ಮೂರ ಕಡೆ ನಾನೂ ಹತ್ತಿದವನೇ. ಆದರೆ ಇದೇ ಉದಾಹರಣೆ ನೋಡಿ. ಇವರು ರಿಟ್ರೈ ಮಾದರಿ ಹಾಕಿದ್ದರೆ 1.5 ಮೈಕ್ರೋಗೆ ಸುಮಾರು 14 ಸೆಕೆಂಡ್ ಕಾದು ಎರಡನೇ ಸಲ ಪ್ರಯತ್ನಿಸ್ತಿತ್ತು, ಕೆಪ್ಯಾಸಿಟರಲ್ಲಿ ಉಳಿದ ಚಾರ್ಜ್‌ನಿಂದ ಎದ್ದೂ ಬಿಡ್ತಿತ್ತು. ಟೈಮರ್ ಸಾಲ್ತಿಲ್ಲ ಅನ್ನೋದು ಇವತ್ತಿಗೂ ಗೊತ್ತಾಗ್ತಿರಲಿಲ್ಲ.

ಇನ್ನೊಂದು, ನಮ್ಮ ಕಡೆ ಶಾರ್ಟ್ ಆಗೋದು ಹೆಚ್ಚಾಗಿ ಒದ್ದೆ ಕನೆಕ್ಟರಲ್ಲಿ. ಪಾಚಿ, ಮಣ್ಣು, ನೀರು. ಅದರ ಮೇಲೆ 14 ಸೆಕೆಂಡಿಗೊಮ್ಮೆ ತಿಂಗಳುಗಟ್ಟಲೆ ಕರೆಂಟ್ ಹಾಯಿಸ್ತಾ ಹೋದರೆ ಪ್ಲಾಸ್ಟಿಕ್ ಕರಿಯಾಗಿ ಇದ್ದಿಲಿನ ದಾರಿ ಬೀಳುತ್ತೆ. ಮಾಸ್‌ಫೆಟ್ ಉಳೀತು, ಕನೆಕ್ಟರ್ ಸುಟ್ಟಿತು.

ಪೊನ್ನಂಪೇಟೆ_ಮಿಲಿಓಮ್

ಲ್ಯಾಚ್ ಮಾದರಿಯನ್ನೇ ಇಟ್ಟು, ಮೈಕ್ರೋಕಂಟ್ರೋಲರ್‌ನಿಂದ ಅದರ ಯುವಿಎಲ್‌ಒ ಪಿನ್ನನ್ನು (ಇನ್‌ಪುಟ್ ವೋಲ್ಟೇಜ್ ಕಡಿಮೆ ಇದ್ದರೆ ಔಟ್‌ಪುಟ್ ಆಫ್ ಇಡೋ ಪಿನ್) ಒಮ್ಮೆ ಕೆಳಗೆಳೆದು ಬಿಟ್ಟರೆ ಲ್ಯಾಚ್ ಬಿಡುತ್ತೆ ಅಲ್ವಾ ಸರ್? ಮೂರು ಸಲ ಎಣಿಸಿ, ಆಮೇಲೂ ಆಗದಿದ್ದರೆ ಸುಮ್ಮನಾಗಿ, ಪ್ರತಿ ಸಲವೂ ಎಷ್ಟು ಹೊತ್ತಿಗೆ ಬಿತ್ತು ಅಂತ ಲಿಂಕ್ ಮೂಲಕ ಕೆಳಗೆ ಕಳಿಸಬಹುದು.

ಸೋಮವಾರಪೇಟೆ_ಟವರ್

ಇದು ಆಗೋ ಮಾತು. ಮೂರನೇದೂ ಬಿದ್ದರೆ ಹತ್ತೋಕೆ ನನ್ನ ತಕರಾರಿಲ್ಲ. ಯಾವ ಕಾರ್ಡ್ ಅಂತ ಗೊತ್ತಿದ್ದರೆ ಬದಲಿ ಕೈಯಲ್ಲೇ ಹಿಡ್ಕೊಂಡು ಹೋಗ್ತೀನಿ.

ತೋಟದ_ತಂತಿ (ನಾಪೋಕ್ಲು)

ಎರಡು ವಾರ ಬಿಟ್ಟು ಬರೀತಿದ್ದೀನಿ. ಐದೂ ಕಾರ್ಡಿಗೆ ಗೇಟ್ ಕೆಪ್ಯಾಸಿಟರ್, ಡಯೋಡ್, ಶಾಟ್ಕಿ ಆಯ್ತು. ಟೈಮರ್ 0.47. ನಡು ಮಧ್ಯಾಹ್ನ, 57.6 ವೋಲ್ಟ್‌ನಲ್ಲಿ ಒಂದೊಂದು ಕಾರ್ಡನ್ನೂ ಇಪ್ಪತ್ತು ಸಲ ಹಾಕಿ ತೆಗೆದೆ, ಪ್ರತಿ ಸಲ ಬಲ್ಕ್ ಕೆಪ್ಯಾಸಿಟರನ್ನು ರೆಸಿಸ್ಟರ್‌ನಿಂದ ಖಾಲಿ ಮಾಡಿ. ನೂರೂ ಎದ್ದವು. ಸ್ಕೋಪಲ್ಲಿ ಔಟ್‌ಪುಟ್ ಸ್ಕೇಲ್ ಇಟ್ಟು ಎಳೆದ ಗೆರೆ ಹಾಗೆ ಏರುತ್ತೆ, ಟೈಮರ್ ಪಿನ್ ಅಲ್ಲಾಡಲ್ಲ. ನೋಡಿ ಬಹಳ ಖುಷಿಯಾಯ್ತು.

ಆದರೆ ಸೈರನ್ ಕಾರ್ಡ್ ಬೀಳ್ತಾ ಇದೆ. ಏಳುವಾಗ ಅಲ್ಲ, ದೀಪ ಮಿನುಗೋಕೆ ಶುರುವಾಗಿ ಎರಡು ಸೆಕೆಂಡ್ ಒಳಗೆ. ಹಿಂದೆ 1.5 ಮೈಕ್ರೋ ಇದ್ದಾಗಲೂ ಬೀಳ್ತಿತ್ತು, ಆಗ ಆರು ಸೆಕೆಂಡ್ ಹಿಡೀತಿತ್ತು, ಸೈರನ್ ದೋಷ ಅಂದ್ಕೊಂಡಿದ್ದೆ. ದೀಪ ಸೆಕೆಂಡಿಗೆ ಹತ್ತು ಸಲ ಮಿನುಗುತ್ತೆ, ಪ್ರತಿ ಸಲ 4 ಮಿಲಿಸೆಕೆಂಡ್ ಮಾತ್ರ ಕರೆಂಟ್ ಲಿಮಿಟ್ ಮುಟ್ಟುತ್ತೆ. ಟೈಮರ್ 22 ಮಿಲಿಸೆಕೆಂಡ್, ಇದು 4. ಯಾಕೆ ಬೀಳುತ್ತೆ?

ಬ್ರಹ್ಮಗಿರಿ48

ಟೈಮರ್ ಕೆಪ್ಯಾಸಿಟರ್‌ಗೆ ನೆನಪು ಇದೆ. ತುಂಬೋದು 85 ಮೈಕ್ರೋಆಂಪ್‌ನಲ್ಲಿ, ಮಿತಿಯಿಂದ ಕೆಳಗಿಳಿದ ಮೇಲೆ ಖಾಲಿಯಾಗೋದು 2.5ರಲ್ಲಿ. 4 ಮಿಲಿಸೆಕೆಂಡ್‌ನಲ್ಲಿ ತುಂಬಿದ್ದು 340 ಪಾಲು (ಮೈಕ್ರೋಆಂಪ್ ಗುಣಿಸು ಮಿಲಿಸೆಕೆಂಡ್), ಉಳಿದ 96 ಮಿಲಿಸೆಕೆಂಡ್‌ನಲ್ಲಿ ಸೋರಿದ್ದು 240. ಪ್ರತಿ ಮಿನುಗಿಗೆ 100 ಪಾಲು ಒಳಗೇ ಉಳೀತು. 1.5 ಮೈಕ್ರೋ ಇದ್ದಾಗ 60 ಮಿನುಗಿಗೆ 4 ವೋಲ್ಟ್ ಮುಟ್ಟಿ ಆರು ಸೆಕೆಂಡ್. 0.47ಕ್ಕೆ ಎರಡಕ್ಕಿಂತ ಕಡಿಮೆ. ನೀವು ಕಂಡದ್ದು ಅದೇ.

ಇಲ್ಲಿ ಟೈಮರ್ ಎಷ್ಟು ದೊಡ್ಡದು ಮಾಡಿದರೂ ಬೀಳೋದು ತಡ ಆಗುತ್ತೆ ಅಷ್ಟೇ, ತಪ್ಪಲ್ಲ. ಒಟ್ಟು ಹೊತ್ತಿನಲ್ಲಿ ನೂರಕ್ಕೆ ಮೂರು ಭಾಗಕ್ಕಿಂತ ಹೆಚ್ಚು ಲಿಮಿಟ್‌ನಲ್ಲಿದ್ದರೆ ಒಂದಲ್ಲ ಒಂದು ಹೊತ್ತಿಗೆ ಬೀಳಲೇಬೇಕು, ನಿಮ್ಮದು ನಾಲ್ಕು. ದೀಪದ ಡ್ರೈವರ್ ಮುಂದೆ ಚೋಕ್ ಹಾಕಿ ಆ ಚೂಪನ್ನು ಮೊಂಡು ಮಾಡಿ. ಇಲ್ಲವೇ ಈ ಒಂದು ಕಾರ್ಡಿನ ಸೆನ್ಸ್ ಇಳಿಸಿ, ಈ ಸಲ ಪವರ್ ಪಿನ್ನಿನ ರೆಸಿಸ್ಟರನ್ನೂ ಜೊತೆಗೆ ಬದಲಿಸಿ.

ತೋಟದ_ತಂತಿ (ನಾಪೋಕ್ಲು)

ಚೋಕ್ ಹಾಕಿದೆ. ಚೂಪು 4.2 ಆಂಪ್‌ಗೆ ಇಳಿದಿದೆ, ಲಿಮಿಟ್ ಮುಟ್ಟಲ್ಲ. ನಿನ್ನೆ ಸಂಜೆ ಹತ್ತು ನಿಮಿಷ ಬಿಡದೆ ಮಿನುಗಿಸಿದೆ, ಟೈಮರ್ ಪಿನ್ ಸೊನ್ನೆಯಲ್ಲೇ ಇತ್ತು. ಕೆಳಗೆ ಲೈನ್‌ಮನೆಯಿಂದ ರೈಟರ್ ಫೋನ್ ಮಾಡಿ, ಮಕ್ಕಳೆಲ್ಲ ಒಳಗೆ ಸೇರಿಕೊಂಡಿದ್ದಾರೆ, ಆನೆ ಎಲ್ಲಿ ಅಂತ ಕೇಳಿದರು. ಪರೀಕ್ಷೆ ಅಂತ ಮೊದಲೇ ಹೇಳಬೇಕಿತ್ತು. ಇವತ್ತು ಹೋಗಿ ಎಲ್ಲರ ಹತ್ತಿರ ಕ್ಷಮೆ ಕೇಳಿ ಬಂದೆ.

ಮೂರು ಸಲ ಎಣಿಸೋ ಪ್ರೋಗ್ರಾಮ್ ಬರೆಯೋದು ಬಾಕಿ. ಪೊನ್ನಂಪೇಟೆ ತಂಗಿ, ಬಿಡುವಿದ್ದರೆ ಒಂದು ಭಾನುವಾರ ಮನೆಯವರ ಜೊತೆ ಬಾ, ಶೆಡ್‌ಗೆ ಒಟ್ಟಿಗೆ ಹೋಗೋಣ. ಬೆಂಚ್ ಅಣ್ಣನೂ ಬರ್ತೀನಿ ಅಂದಿದ್ದಾರೆ.